ಯೂರಿಯಾ ಚೀಲದಲ್ಲಿ ರಾಗಿ: ಕಂಪ್ಯೂಟರಿನ ಕನ್ನಡ ಕೆಡುವುದೇಕೆ, ಉಳಿಸುವುದು ಹೇಗೆ?

ನಮ್ಮಪ್ಪ ಓದಿದ್ದು ನಾಲ್ಕನೇ ಕ್ಲಾಸು. ಆದರೂ 1971ರಿಂದ 2003ರವರೆಗೆ ಮಳೆ ಲೆಕ್ಕ ಬರೆದಿಟ್ಟಿದ್ದರು. ಯಾವ ಮಳೆ ಯಾವ ತಾರೀಖಿಗೆ ಬಂತು, ಬಿತ್ತನೆಗೆ ಹದ ಆಯ್ತೋ ಇಲ್ಲವೋ, ಯಾವ ಹೊಲಕ್ಕೆ ಏನು ಬಿತ್ತಿದ್ದು, ಕಣದಲ್ಲಿ ಎಷ್ಟು ಕೊಳಗ ಅಳೆದದ್ದು. ಇಷ್ಟೇ. ಒಂದು ದಿನಕ್ಕೆ ಒಂದು ಸಾಲು, ಹೆಚ್ಚೆಂದರೆ ಎರಡು. ಒಟ್ಟು ಐದು ನೋಟ್ ಪುಸ್ತಕ.

ಅವರು ತೀರಿಕೊಂಡ ಮೇಲೆ, 2005ರಲ್ಲಿ, ಪುಸ್ತಕದ ಹಾಳೆ ಪುಡಿಯಾಗುತ್ತಿದೆ ಅಂತ ಒಂದು ಟೈಪಿಂಗ್ ಅಂಗಡಿಗೆ ಕೊಟ್ಟು ಕಂಪ್ಯೂಟರಿಗೆ ಏರಿಸಿದೆ. ಒಂದು ಸಿ.ಡಿ. ಕೊಟ್ಟರು. ಅದನ್ನು ಪೆಟ್ಟಿಗೆಯಲ್ಲಿಟ್ಟು ನೆಮ್ಮದಿಯಾಗಿದ್ದೆ. 2019ರಲ್ಲಿ ಅಟ್ಟದ ಮೇಲಿನ ಪುಸ್ತಕಗಳಿಗೆ ಗೆದ್ದಲು ಹತ್ತಿತು. ಮೇಲಿನ ರಟ್ಟು ಗಟ್ಟಿಯಾಗೇ ಇತ್ತು, ಎತ್ತಿದರೆ ಒಳಗೆ ಬರೀ ಮಣ್ಣು. ಹೋಗಲಿ, ಸಿ.ಡಿ. ಇದೆಯಲ್ಲ ಅಂದುಕೊಂಡೆ.

ನಮ್ಮ ಅಣ್ಣನ ಮಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಈಗಿನ ಲ್ಯಾಪ್‌ಟಾಪಿಗೆ ಸಿ.ಡಿ. ಹಾಕುವ ಜಾಗವೇ ಇಲ್ಲ. ಎಲ್ಲಿಂದಲೋ ಒಂದು ಡ್ರೈವ್ ಎರವಲು ತಂದು ಫೈಲು ತೆಗೆದ. ಪರದೆ ತುಂಬ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೀಟು, ಚುಕ್ಕಿ, ಪೌಂಡಿನ ಗುರುತು. ಓದಲಿಕ್ಕೆ ಬರುತ್ತಿದ್ದುದು ತಾರೀಖು ಮತ್ತು ಕೊಳಗದ ಅಂಕಿ ಮಾತ್ರ. 20, 34, 11. ಆದರೆ ಯಾವ ಮಳೆಗೆ 20? ರಾಗಿಯೋ ಅವರೆಯೋ? ಒಂದೂ ಗೊತ್ತಾಗದು.

"ಚಿಕ್ಕಪ್ಪ, ಫೈಲು ಕೆಟ್ಟೋಗೈತೆ, ಬಿಟ್ಬಿಡು" ಅಂದ.

ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂರನೇ ದಿನ ಲಗ್ನಪತ್ರಿಕೆ ಅಚ್ಚು ಮಾಡುವ ಒಂದು ಸಣ್ಣ ಪ್ರೆಸ್ಸಿಗೆ ಹೋದೆ. ಅಲ್ಲಿ ಡಿ.ಟಿ.ಪಿ. ಮಾಡುವ ಹೆಣ್ಣುಮಗಳು ಒಂದೇ ಸಲ ನೋಡಿ ನಕ್ಕಳು. "ಯಜಮಾನ್ರೇ, ಫೈಲು ಕೆಟ್ಟಿಲ್ಲ. ಇದು ಹಳೇ ನುಡಿ. ನಿಮ್ಮ ಹುಡುಗನ ಕಂಪ್ಯೂಟರಲ್ಲಿ ಆ ಅಚ್ಚು ಇಲ್ಲ, ಅಷ್ಟೆ."

ಆವತ್ತಿನಿಂದ ಆಕೆಯ ಹತ್ತಿರ, ಆಮೇಲೆ ಅಣ್ಣನ ಮಗನ ಹತ್ತಿರ ಕೇಳಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಘದ ನಡಾವಳಿ, ತಳಿಗಳ ಪಟ್ಟಿ, ಕೆರೆ ಬಗ್ಗೆ ಕೊಟ್ಟ ಅರ್ಜಿ, ಮನೆಯ ಭಾಗಪತ್ರದ ಕರಡು ಅಂತ ನಿಮ್ಮಲ್ಲೂ ಯಾರಾದರೂ 1995ರಿಂದ 2010ರೊಳಗೆ ಟೈಪ್ ಮಾಡಿಸಿ ಇಟ್ಟಿರಬಹುದು. ಓದಲಾಗದೆ ಎಸೆಯುವ ಮುಂಚೆ ಇದನ್ನು ಒಂದು ಸಲ ಓದಿ.

ಚೀಲದ ಮೇಲೆ ಯೂರಿಯಾ, ಒಳಗೆ ರಾಗಿ

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ನಂಬರು. ಒಂದೊಂದು ಅಕ್ಷರಕ್ಕೆ ಒಂದೊಂದು ನಂಬರು ಅಂತ ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಅಮೆರಿಕದಲ್ಲಿ 1963ರಲ್ಲಿ ಹಾಗೆ ಮಾಡಿದ ಪಟ್ಟಿಗೆ ಆಸ್ಕಿ ಅಂತ ಹೆಸರು. ಅದರಲ್ಲಿ 128 ಜಾಗ. ಇಂಗ್ಲಿಷಿಗೆ ಅಷ್ಟು ಸಾಕಿತ್ತು. ಆಮೇಲೆ ಯುರೋಪಿನ ಗೀಟು ಚುಕ್ಕಿಯ ಅಕ್ಷರಗಳಿಗಾಗಿ ಪಟ್ಟಿಯನ್ನು 256ಕ್ಕೆ ಬೆಳೆಸಿದರು. ಕನ್ನಡಕ್ಕೆ ಅಲ್ಲಿ ಒಂದೂ ಜಾಗ ಇರಲಿಲ್ಲ.

ಆಗ ನಮ್ಮವರು ಒಂದು ಉಪಾಯ ಮಾಡಿದರು. ನಾವು ಯೂರಿಯಾ ಖಾಲಿಯಾದ ಚೀಲವನ್ನು ತೊಳೆದು ಅದಕ್ಕೆ ರಾಗಿ ತುಂಬುವುದಿಲ್ಲವೇ, ಹಾಗೆ. ಇಂಗ್ಲಿಷ್ ಅಕ್ಷರದ ನಂಬರಿನ ಮೇಲೆ ಕನ್ನಡದ ಆಕಾರ ಕೂರಿಸಿದರು. ಕನ್ನಡದ ಕಾಗುಣಿತ, ಒತ್ತು ಎಲ್ಲಾ ಸೇರಿದರೆ ಆಕಾರಗಳು ನೂರಾರು, 256 ಜಾಗ ಸಾಲದು. ಅದಕ್ಕೆ ಅಕ್ಷರವನ್ನು ಗಾಡಿ ಬಿಚ್ಚಿದ ಹಾಗೆ ಬಿಚ್ಚಿದರು: ಮೈ ಬೇರೆ, ತಲಕಟ್ಟು ಬೇರೆ, ದೀರ್ಘ ಬೇರೆ, ಒತ್ತು ಬೇರೆ. ಬೇಕಾದಾಗ ಜೋಡಿಸಿಕೊಳ್ಳುವುದು.

ಹಳೇ ನುಡಿಯಲ್ಲಿ 'ರಾಗಿ' ಅಂತ ಟೈಪ್ ಮಾಡಿದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಉಳಿಯುವುದು ಮೂರು ಗುರುತು: ಸಣ್ಣ ಜಿ, ತಲೆ ಮೇಲೆ ಓರೆಗೀಟು ಇರುವ ದೊಡ್ಡ ಎ, ದೊಡ್ಡ ವಿ. 'ನ' ಅಕ್ಷರದ ಮೈಗೆ ಕೊಟ್ಟದ್ದು ಇಂಗ್ಲೆಂಡಿನ ದುಡ್ಡು ಪೌಂಡಿನ ಗುರುತು! ನುಡಿ ಫಾಂಟು, ಅಂದರೆ ಆ ಅಕ್ಷರದ ಅಚ್ಚು, ಇದ್ದ ಕಂಪ್ಯೂಟರು ಮಾತ್ರ ಈ ಗುರುತುಗಳಿಗೆ ಕನ್ನಡದ ಬಟ್ಟೆ ತೊಡಿಸಿ ತೋರಿಸುತ್ತದೆ. ಅಚ್ಚು ಇಲ್ಲದ ಕಂಪ್ಯೂಟರು ಚೀಲದ ಮೇಲಿನ ಹೆಸರನ್ನೇ ಓದುತ್ತದೆ. ನಮ್ಮ ಮನೆಯವರಿಗೆ ಒಳಗೆ ರಾಗಿ ಅಂತ ಗೊತ್ತು. ಹೊರಗಿನವರಿಗೆ ಅದು ಯೂರಿಯಾನೇ.

ಅಂಕಿ ಮಾತ್ರ ಯಾಕೆ ಓದಲು ಬಂತು? 0ಯಿಂದ 9ರವರೆಗಿನ ಅಂಕಿಗಳನ್ನು ಅವುಗಳ ಸ್ವಂತ ಜಾಗದಲ್ಲೇ ಬಿಟ್ಟಿದ್ದರು. ಅಪ್ಪನ ಲೆಕ್ಕದಲ್ಲಿ ಬರೀ ಅಂಕಿ ಉಳಿದು ಹೆಸರು ಹೋದದ್ದು ಇದೇ ಕಾರಣಕ್ಕೆ.

ತಪ್ಪು ಯಾರದು?

ಯಾರದೂ ಅಲ್ಲ ಅಂತಲೇ ಹೇಳಬೇಕು. ಆವತ್ತು ಬೇರೆ ದಾರಿ ಇರಲಿಲ್ಲ. ಪುಣೆಯ ಮಾಡ್ಯುಲರ್ ಕಂಪನಿಯ 'ಶ್ರೀಲಿಪಿ' ಪ್ರೆಸ್ಸುಗಳಲ್ಲಿ ಓಡಾಡಿತು. 1998ರಲ್ಲಿ ಶೇಷಾದ್ರಿವಾಸು ಅವರು 'ಬರಹ' ಹೊರತಂದರು. ಕನ್ನಡ ಗಣಕ ಪರಿಷತ್ತು ಸರ್ಕಾರದ ಬಳಕೆಗೆ 'ನುಡಿ' ಮಾಡಿಕೊಟ್ಟಿತು. ಅದರ ಕೀಲಿಮಣೆಗೆ ಆಧಾರ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಅವರ ಜಾಣತನ ನೋಡಿ: 26 ಇಂಗ್ಲಿಷ್ ಕೀಲಿಯಲ್ಲೇ ಇಡೀ ಕನ್ನಡ ಮುಗಿಯುತ್ತದೆ. ಕೆ ಒತ್ತಿದರೆ ಕ, ಜಿ ಒತ್ತಿದರೆ ಗ. ಒತ್ತಕ್ಷರ ಬೇಕಾದರೆ ನಡುವೆ ಎಫ್. 'ರಾಗಿ' ಬರೆಯಲು ಆರ್, ಶಿಫ್ಟ್ ಹಿಡಿದು ಎ, ಜಿ, ಐ. ಏಳನೇ ಕ್ಲಾಸು ಓದಿದ ನಾನೇ ಹದಿನೈದು ದಿನದಲ್ಲಿ ಕಲಿತೆ.

ಇವೆಲ್ಲ ಇಲ್ಲದಿದ್ದರೆ ಆಗ ಕಂಪ್ಯೂಟರಿನಲ್ಲಿ ಕನ್ನಡವೇ ಇರುತ್ತಿರಲಿಲ್ಲ. ತೊಂದರೆ ಏನಾಯಿತು ಅಂದರೆ ಒಬ್ಬೊಬ್ಬರ ಪಟ್ಟಿ ಒಂದೊಂದು ಥರ. ಒಂದು ಊರಿನ ಕೊಳಗಕ್ಕೂ ಪಕ್ಕದ ಊರಿನ ಕೊಳಗಕ್ಕೂ ಹೊಂದದ ಹಾಗೆ, ಶ್ರೀಲಿಪಿಯಲ್ಲಿ ಅಳೆದದ್ದು ನುಡಿಗೆ ಹೊಂದುತ್ತಿರಲಿಲ್ಲ.

ಎಲ್ಲರಿಗೂ ಒಂದೇ ಕೊಳಗ

ಈ ಗೋಜಲು ಬಿಡಿಸಲು ಬಂದದ್ದು ಯೂನಿಕೋಡ್. ಪ್ರಪಂಚದ ಎಲ್ಲಾ ಭಾಷೆಗಳ ಅಕ್ಷರಕ್ಕೂ ಒಂದೇ ದೊಡ್ಡ ಪಟ್ಟಿ, ಪ್ರತಿ ಅಕ್ಷರಕ್ಕೂ ಅದರದೇ ಖಾಯಂ ನಂಬರು. 1991ರಲ್ಲಿ ಬಂದ ಮೊದಲ ಪಟ್ಟಿಯಲ್ಲೇ ಕನ್ನಡಕ್ಕೆ 128 ಜಾಗ ಕೊಟ್ಟರು. ನಮ್ಮ ಲೆಕ್ಕದಲ್ಲಿ ಹೇಳಿದರೆ 3200ನೇ ನಂಬರಿನಿಂದ 3327ರವರೆಗೆ ಕನ್ನಡದ ಹೊಲ. ಸರ್ವೆ ನಂಬರ್ ಇದ್ದ ಹಾಗೆ. ಬೇರೆ ಯಾರೂ ಒತ್ತುವರಿ ಮಾಡುವಂತಿಲ್ಲ.

ಇದರಲ್ಲಿ 'ರಾಗಿ' ಅಂದರೆ ನಾಲ್ಕು ನಂಬರು: ರ 3248, ದೀರ್ಘ 3262, ಗ 3223, ಗುಡಿಸು 3263. ಇಲ್ಲಿ ಇಡುವುದು ಆಕಾರವನ್ನಲ್ಲ, ಅಕ್ಷರವನ್ನು. ಜೋಡಿಸಿ ಚೆಂದ ಮಾಡಿ ತೋರಿಸುವುದು ಫಾಂಟಿನ ಕೆಲಸ. ಯಾವ ಫಾಂಟು ಹಾಕಿದರೂ ರಾಗಿ ರಾಗಿಯೇ. ಬೆಂಗಳೂರಿನಲ್ಲಿ ಬರೆದದ್ದನ್ನು ಬೀದರಿನಲ್ಲೂ ದುಬೈನಲ್ಲೂ ಹಾಗೇ ಓದಬಹುದು.

1991ರಲ್ಲೇ ಬಂದಿದ್ದರೆ 2005ರಲ್ಲಿ ಅಂಗಡಿಯವರು ಯಾಕೆ ಬಳಸಲಿಲ್ಲ? ಪಟ್ಟಿ ಇದ್ದರೆ ಸಾಲದು, ಯಂತ್ರಕ್ಕೂ ಅದು ತಿಳಿದಿರಬೇಕು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟಿನೊಂದಿಗೆ ಯೂನಿಕೋಡ್ ಕನ್ನಡ ಬಂತು. ಆ ಅಂಗಡಿಯಲ್ಲಿದ್ದದ್ದು ಅದಕ್ಕಿಂತ ಹಳೆಯ ವಿಂಡೋಸ್ 98. ಜೊತೆಗೆ, ಪ್ರೆಸ್ಸಿನವರು ಪುಟ ಕಟ್ಟುತ್ತಿದ್ದ ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಅರ್ಥವಾಗುತ್ತಿರಲಿಲ್ಲ. ಅದಕ್ಕೇ ಎಷ್ಟೋ ವರ್ಷ ಅಚ್ಚಿನ ಕೆಲಸದಲ್ಲಿ ಹಳೇ ದಾರಿಯೇ ನಡೆಯಿತು.

ನಮ್ಮಂಥ ರೈತರಿಗೆ ಕಂಪ್ಯೂಟರಿನ ಕನ್ನಡದ ಬಿಸಿ ತಟ್ಟಿದ್ದು ಪಹಣಿಯಿಂದ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಆಗ 15 ರೂಪಾಯಿಗೆ ತಾಲೂಕಿನಲ್ಲಿ ಪಹಣಿ ಸಿಗುತ್ತಿತ್ತು. ಕೈಬರಹದಿಂದ ಟೈಪಿಗೆ ಹೋಗುವಾಗ ಒಂದು ಒತ್ತು ತಪ್ಪಿದರೆ ಎಷ್ಟು ಓಡಾಡಬೇಕು ಅನ್ನುವುದು ಓಡಾಡಿದವರಿಗೆ ಗೊತ್ತು. ಅಕ್ಷರ ಅಂದರೆ ಬರೀ ಚೆಂದದ ವಿಷಯ ಅಲ್ಲ.

ನಿಮ್ಮ ಫೈಲು ಯಾವ ಜಾತಿಯದು?

ಮೂರು ಪರೀಕ್ಷೆ ಸಾಕು.

1. ಫೈಲು ತೆರೆದು ಒಂದು ಸಾಲನ್ನು ಹಿಡಿದು ಫಾಂಟಿನ ಹೆಸರನ್ನು ಏರಿಯಲ್ ಅಥವಾ ಟೈಮ್ಸ್ ಅಂತ ಬದಲಿಸಿ. ಇಂಗ್ಲಿಷ್ ಕಲಸುಮೇಲೋಗರ ಆದರೆ ಅದು ಹಳೇ ಜಾತಿ. ಕನ್ನಡವಾಗಿಯೇ ಉಳಿದರೆ ಯೂನಿಕೋಡ್. ನೋಡಿದ ಮೇಲೆ ಉಳಿಸದೆ ಮುಚ್ಚಿಬಿಡಿ.

2. ಒಂದು ಸಾಲನ್ನು ಕಾಪಿ ಮಾಡಿ ಫೋನಿನ ವಾಟ್ಸಾಪಿಗೆ ಕಳಿಸಿ. ಕನ್ನಡವಾಗಿ ಬಂದರೆ ಯೂನಿಕೋಡ್.

3. ಪಿ.ಡಿ.ಎಫ್. ನೋಡಿ ಮೋಸ ಹೋಗಬೇಡಿ. ಅದರ ಒಳಗೇ ಅಚ್ಚು ಕಟ್ಟಿಕೊಂಡಿರುವುದರಿಂದ ಓದಲು ಸರಿಯಾಗೇ ಕಾಣುತ್ತದೆ. ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಹಾಕಿ ನೋಡಿ, ಆಗ ಬಣ್ಣ ಬಯಲಾಗುತ್ತದೆ.

ನಾನು ಮಾಡಿದ ಕನ್ವರ್ಷನ್

ನಮ್ಮ ಬೊಮ್ಮಸಂದ್ರದ ಕಡೆ ಕನ್ವರ್ಷನ್ ಅಂದರೆ ಹೊಲ ಹೋಗಿ ಸೈಟೋ ಕಾರ್ಖಾನೆಯೋ ಆಗುವುದು. ಒಂದು ಸಲ ಆದರೆ ವಾಪಸ್ಸು ಇಲ್ಲ. ಅಕ್ಷರದ ಕನ್ವರ್ಷನ್ ಅಷ್ಟು ಕ್ರೂರ ಅಲ್ಲ, ತಪ್ಪಿದರೆ ಮತ್ತೆ ಮಾಡಬಹುದು. ಆದರೆ ಮೂಲ ಫೈಲು ಕೈಯಲ್ಲಿರಬೇಕು. ನಾವು ಮಾಡಿದ ಕ್ರಮ ಹೀಗೆ:

ಮೊದಲು ಮೂಲ ಫೈಲನ್ನು ಎರಡು ಪೆನ್ ಡ್ರೈವಿಗೆ ಹಾಕಿ ಒಂದನ್ನು ಪೆಟ್ಟಿಗೆಯಲ್ಲಿಟ್ಟೆ. ಕೈ ಹಾಕಿದ್ದೆಲ್ಲ ಇನ್ನೊಂದಕ್ಕೆ.

ಎರಡನೆಯದು, ನುಡಿಯನ್ನು ಹಾಕಿಸಿದೆವು. ಅದು ಬಿಟ್ಟಿಯಾಗಿ ಸಿಗುತ್ತದೆ. ಅದರ ಫಾಂಟು ಬಂದ ಕೂಡಲೇ ಇಡೀ ಫೈಲು ಕನ್ನಡವಾಯಿತು. 'ಆರಿದ್ರಾ ಮಳೆ, ಮೇಲಿನ ಹೊಲ ಹದ' ಅನ್ನುವ ಸಾಲು ಕಂಡಾಗ ಅಪ್ಪನೇ ಕೂಗಿದ ಹಾಗಾಯಿತು. ಆ ಸ್ಥಿತಿಯಲ್ಲೇ ಒಂದು ಪ್ರತಿ ಕಾಗದಕ್ಕೆ ಅಚ್ಚು ಹಾಕಿಸಿದೆ. ಮುಂದೆ ತಾಳೆ ನೋಡಲು ಇದು ಬೇಕೇ ಬೇಕು.

ಮೂರನೆಯದು, ಬದಲಾವಣೆ. ಇದಕ್ಕೆ ಬೇರೆ ತಂತ್ರಾಂಶಗಳಿವೆ. ಅರವಿಂದ ವಿ.ಕೆ. ಅನ್ನುವವರು ಆಸ್ಕಿ ಕನ್ನಡವನ್ನು ಯೂನಿಕೋಡಿಗೆ ಬದಲಿಸುವ ಸಾಧನ ಮಾಡಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಿದ್ದಾರೆ. ಬರಹದಲ್ಲೂ ಬದಲಿಸುವ ಸೌಕರ್ಯ ಇದೆ. ಒಂದು ವರ್ಷದ್ದನ್ನು ಒಂದು ಸಲಕ್ಕೆ ಹಾಕಿ ತೆಗೆದೆವು. ಒಟ್ಟಿಗೆ ಸುರಿದರೆ ತಪ್ಪು ಎಲ್ಲಿ ಅಂತ ಹುಡುಕುವುದು ಕಷ್ಟ. ಆಧಾರ್ ನಂಬರು, ಬ್ಯಾಂಕಿನ ವಿವರ ಇರುವ ಕಾಗದವನ್ನು ಇಂಟರ್‌ನೆಟ್ಟಿನಲ್ಲಿ ನಡೆಯುವ ಇಂಥ ಸಾಧನಕ್ಕೆ ಹಾಕಬೇಡಿ, ನಿಮ್ಮದೇ ಕಂಪ್ಯೂಟರಿನಲ್ಲಿ ಮಾಡಿಕೊಳ್ಳಿ.

ನಾಲ್ಕನೆಯದು, ತಾಳೆ ನೋಡುವುದು. ಯಂತ್ರ ಮಾಡಿತು ಅಂತ ನಂಬಬಾರದು. ನಮಗೆ ಸಿಕ್ಕ ತಪ್ಪುಗಳನ್ನು ಹೇಳುತ್ತೇನೆ.

ಅರ್ಕಾವೊತ್ತು: ಹಳೇ ಪದ್ಧತಿಯಲ್ಲಿ ಅರ್ಕಾವೊತ್ತನ್ನು ಅಕ್ಷರ ಆದ ಮೇಲೆ ಇಡುತ್ತಿದ್ದರು. ಯೂನಿಕೋಡಿನಲ್ಲಿ 'ರ' ಮೊದಲು ಬರಬೇಕು. ಬದಲಿಸುವ ಸಾಧನ ಅದನ್ನು ಹಿಂದಿನಿಂದ ಎತ್ತಿ ಮುಂದಕ್ಕೆ ತರಬೇಕು. ಪುನರ್ವಸು, ವರ್ಷ, ಕಾರ್ತಿಕ ಇಂಥ ಪದಗಳನ್ನು ಒಂದೊಂದಾಗಿ ನೋಡಿ.

ಸೊನ್ನೆ: ಕನ್ನಡದ ಅಂಕಿ '೦' ಮತ್ತು ಅನುಸ್ವಾರ 'ಂ' ನೋಡಲು ಒಂದೇ. ಟೈಪ್ ಮಾಡಿದ ಹುಡುಗ ಎಷ್ಟೋ ಕಡೆ ಅಂಕಿಯ ಜಾಗಕ್ಕೆ ಅನುಸ್ವಾರ ಒತ್ತಿದ್ದ. ಕಣ್ಣಿಗೆ ಗೊತ್ತಾಗದು, ಕೂಡಲು ಹೋದರೆ ಲೆಕ್ಕ ಬರದು. 20 ಕೊಳಗಕ್ಕೆ 1 ಖಂಡುಗ. ಸೊನ್ನೆ ಹೋದರೆ 2 ಕೊಳಗ!

ಇಂಗ್ಲಿಷ್ ಪದ: ಜಿ.ಪಿ.ಯು. 28 ಅಂತ ರಾಗಿ ತಳಿ ನಿಮಗೆಲ್ಲ ಗೊತ್ತು. ಹುಡುಗ ಅದನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡಿದ್ದ. ಸಾಧನ ಅದನ್ನೂ ಕನ್ನಡ ಅಂದುಕೊಂಡು 'ಉ'ದಿಂದ ಶುರುವಾಗುವ ಅರ್ಥವಿಲ್ಲದ ಏನೋ ಮಾಡಿತ್ತು. ಅಣ್ಣನ ಮಗನಿಗೆ ಹೇಳಿದರೆ, "ಜಿ.ಪಿ.ಯು. ಅಂದ್ರೆ ಕಂಪ್ಯೂಟರೊಳಗಿನ ಚಿಪ್ಪು ಕಣೋ ಚಿಕ್ಕಪ್ಪ, ತಾತ ಅದನ್ನ ಹೊಲಕ್ಕೆ ಹಾಕಿದ್ರಾ?" ಅಂತ ನಕ್ಕ. ಇಂಥ ಪದಗಳನ್ನು ಅಚ್ಚು ಪ್ರತಿ ನೋಡಿ ಕೈಯಲ್ಲೇ ತಿದ್ದಬೇಕು.

ಕೊನೆಗೆ, ತಿದ್ದಿದ್ದನ್ನು ಸಾದಾ ಟೆಕ್ಸ್ಟ್ ಫೈಲಾಗಿ ಉಳಿಸಿದೆವು. ಉಳಿಸುವಾಗ ಯು.ಟಿ.ಎಫ್.-8 ಅಂತ ಕೇಳಿದರೆ ಅದನ್ನೇ ಆರಿಸಿ. ಅದು ಯೂನಿಕೋಡನ್ನು ಉಳಿಸುವ ಒಂದು ಪದ್ಧತಿ. ಟೇಬಲ್ ಬೇಕಾದವರಿಗೆ ಲಿಬ್ರೆಆಫೀಸ್ ಅನ್ನುವ ಉಚಿತ ತಂತ್ರಾಂಶ ಇದೆ, ದುಡ್ಡು ಕೊಟ್ಟು ಆಫೀಸ್ ಕೊಳ್ಳಬೇಕಾಗಿಲ್ಲ.

ಒಟ್ಟು ಎರಡು ತಿಂಗಳ ಸಂಜೆಗಳು ಹಿಡಿದವು. ಒಂದು ಪುಸ್ತಕದ ಕೊನೆಯ ಭಾಗ ಟೈಪೇ ಆಗಿರಲಿಲ್ಲ, ಅದು ಹೋದದ್ದು ಹೋಯಿತು. ಪಕ್ಕದಲ್ಲಿ ಅಪ್ಪ ಬರೆಯುತ್ತಿದ್ದ ಮೋಡದ ಗುರುತುಗಳೂ ಇಲ್ಲ. ಕೈಬರಹವನ್ನು ಫೋಟೋ ತೆಗೆದು ಇಟ್ಟಿರಬೇಕಿತ್ತು. ನೀವು ಟೈಪ್ ಮಾಡಿಸುವುದಾದರೆ ಫೋಟೋ ತಪ್ಪಿಸಬೇಡಿ.

ಇದರಿಂದ ಬಂದ ಫಲ

ಯೂನಿಕೋಡ್ ಆದ ಮೇಲೆ ಹುಡುಕಲು ಬರುತ್ತದೆ. ಇದೇ ದೊಡ್ಡ ಲಾಭ. 'ಹುರುಳಿ' ಅಂತ ಹುಡುಕಿದೆ. ಕಡಿಮೆ ಸಿಕ್ಕಿತು. 'ಹುರಳಿ' ಅಂತಲೂ ಹುಡುಕಿದೆ, ಉಳಿದದ್ದೂ ಬಂತು. ಎರಡು ಬಗೆಯ ಕಾಗುಣಿತ ಇದ್ದರೆ ಎರಡನ್ನೂ ಹುಡುಕಬೇಕು. ಅಪ್ಪ ಹುರುಳಿ ಹಾಕಿದ ವರ್ಷಗಳನ್ನೆಲ್ಲ ಒಂದು ಕಡೆ ಇಟ್ಟು ನೋಡಿದಾಗ ಒಂದು ಸಂಗತಿ ಕಂಡಿತು. ರಾಗಿ ಪೈರು ಒಣಗಿತು ಅಂತ ಅವರು ಹೊಲ ಬಿಡುತ್ತಿರಲಿಲ್ಲ. ಉತ್ತರೆ ಹಸ್ತದ ಹೊತ್ತಿಗೆ ಒಂದು ಹದ ಸಿಕ್ಕರೂ ಅದೇ ಹೊಲಕ್ಕೆ ಹುರುಳಿ ಎರಚುತ್ತಿದ್ದರು. ದನಕ್ಕಾದರೂ ಹೊಟ್ಟು, ಮನೆಗೆ ಒಂದಿಷ್ಟು ಕಾಳು. ನಾನು ಅದನ್ನು ಮರೆತೇಬಿಟ್ಟಿದ್ದೆ. ಈಗ ಉಳಿದಿರುವ ತುಂಡು ಹೊಲದಲ್ಲಿ ಹಾಗೇ ಮಾಡುತ್ತಿದ್ದೇನೆ.

ಅಪ್ಪ ಬರೆದ 'ಮೇಲಿನ ಹೊಲ' ಈಗಿಲ್ಲ. ಅಲ್ಲಿ ಕಾರ್ಖಾನೆ ಕಾಂಪೌಂಡು ಬಂದಿದೆ. 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಮೆಟ್ರೋ ರೈಲೂ ಬಂತು. ಈ ಮಣ್ಣು ಏನು ಬೆಳೆಯುತ್ತಿತ್ತು ಅನ್ನುವುದಕ್ಕೆ ನಮ್ಮ ಮನೆಯಲ್ಲಿರುವ ಸಾಕ್ಷಿ ಆ ಫೈಲು ಒಂದೇ.

ಇನ್ನು ಮುಂದೆ ಬರೆಯುವವರಿಗೆ

ಈಗ ಹಳೇ ಕಷ್ಟ ಇಲ್ಲ. ಫೋನಿನಲ್ಲಿ ಬರೆಯುವ ಕನ್ನಡ ಯೂನಿಕೋಡೇ. ಟೈಪ್ ಬಾರದವರು ಗೂಗಲ್ ಕೀಲಿಮಣೆಯಲ್ಲಿ ಬೆರಳಿನಿಂದ ಸ್ಲೇಟಿನ ಮೇಲೆ ಬರೆದಂತೆ ಬರೆಯಬಹುದು. 2017ರಿಂದ ಗೂಗಲ್ಲಿನಲ್ಲಿ ಕನ್ನಡದಲ್ಲಿ ಮಾತಾಡಿದರೂ ಅಕ್ಷರವಾಗುತ್ತದೆ. ನಮ್ಮ ಅಕ್ಕಡಿ, ಕುಂಟೆ, ಹುಚ್ಚೆಳ್ಳು ಇವಕ್ಕೆಲ್ಲ ಅದು ಏನೇನೋ ಬರೆಯುತ್ತದೆ, ಒಂದು ಸಲ ಓದಿ ತಿದ್ದಿಕೊಳ್ಳಬೇಕು. ಕಂಪ್ಯೂಟರಿನಲ್ಲಿ ನುಡಿ ಬಳಸುವವರು ಶುರುವಿನಲ್ಲೇ ಯೂನಿಕೋಡ್ ಅಂತ ಆರಿಸಿಕೊಳ್ಳಿ. ಟೈಪಿಂಗ್ ಅಂಗಡಿಗೆ ಕೊಟ್ಟರೆ "ಯೂನಿಕೋಡಿನಲ್ಲಿ ಮಾಡಿಕೊಡಿ" ಅಂತ ಬಾಯಿಬಿಟ್ಟು ಹೇಳಿ, ದುಡ್ಡು ಕೊಡುವ ಮುಂಚೆ ವಾಟ್ಸಾಪ್ ಪರೀಕ್ಷೆ ಮಾಡಿ.

ತಾರೀಖನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆಯಿರಿ. 2025-06-14 ಅಂತ. ಆಗ ಕಂಪ್ಯೂಟರು ತಾನೇ ಸಾಲಾಗಿ ಜೋಡಿಸುತ್ತದೆ. ವರ್ಷಕ್ಕೊಮ್ಮೆ, ಯುಗಾದಿಗೋ ಸಂಕ್ರಾಂತಿಗೋ, ಎಲ್ಲವನ್ನೂ ಇನ್ನೊಂದು ಜಾಗಕ್ಕೆ ಕಾಪಿ ಮಾಡಿ ತೆರೆದು ನೋಡಿ. ನಾನು 2005ರಲ್ಲಿ ಇಟ್ಟು 14 ವರ್ಷ ತೆರೆಯದೇ ಇದ್ದದ್ದು ನನ್ನ ತಪ್ಪು. ಬಿತ್ತನೆ ಬೀಜವನ್ನು ಹಾಗೆ ಇಡುತ್ತೇವೆಯೇ? ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ಹುಳ ನೋಡುವುದಿಲ್ಲವೇ? ಇದೂ ಹಾಗೇ. ಒಂದು ಪ್ರತಿ ಕಾಗದದಲ್ಲೂ ಇರಲಿ. ಗೆದ್ದಲಿಗೂ ಕಂಪ್ಯೂಟರಿಗೂ ಒಂದೇ ವರ್ಷ ಬುದ್ಧಿ ಕೆಡಲಾರದು.

ನಿಮ್ಮಲ್ಲಿ ಇಂಥ ಹಳೇ ಫೈಲು ಇದ್ದು ಬಿಡಿಸಿಕೊಂಡವರು ಪತ್ರಿಕೆಗೆ ಬರೆಯಿರಿ. ಶ್ರೀಲಿಪಿಯದ್ದನ್ನು ಬದಲಿಸಿದ ಅನುಭವ ನನಗಿಲ್ಲ, ಮಾಡಿದವರು ಹೇಳಿದರೆ ಉಳಿದವರಿಗೂ ಉಪಕಾರ.